ಪಿಂಗಾಣಿಯ ಋಣ

ಒಂದು ನಾಡಿನ ಹೆಸರೇ ಒಂದು ವಸ್ತುವಿನ ಹೆಸರಾಗಿ ಲೋಕದ ನಾಲಿಗೆಯ ಮೇಲೆ ನೆಲಸುವುದು ಅಪರೂಪವಾದ ಗೌರವ. ಅಂಥ ಗೌರವ ಚೀನಾ ದೇಶಕ್ಕೆ ಸಂದಿದೆ. ಕನ್ನಡಿಗರಾದ ನಾವು ಪಿಂಗಾಣಿ ಎಂದು ಕರೆಯುವ ವಸ್ತುವನ್ನು ಈ ಮುಂಬಯಿಯ ಪೇಟೆಯಲ್ಲಿ ಮರಾಠಿಗರು ‘ಚಿನೀ ಮಾತಿ’ ಎನ್ನುತ್ತಾರೆ. ಹಿಂದಿಯವರು ‘ಚೀನೀ ಮಿಟ್ಟಿ’ ಎನ್ನುತ್ತಾರೆ. ಇಂಗ್ಲಿಷರಂತೂ ಮಣ್ಣೆಂಬ ಮಾತನ್ನೂ ಕೈಬಿಟ್ಟು ಬರಿದೆ ‘ಚೈನಾ’ ಎಂದುಬಿಡುತ್ತಾರೆ. ಉಪ್ಪಿನಕಾಯಿಯ ಜಾಡಿಯಿಂದ ಚಹದ ಕಪ್ಪು-ಬಸಿಗಳವರೆಗೆ ದಿನಕ್ಕೆ ಹತ್ತು ಬಾರಿ ನಾವು ಕೈಯಿಂದ ಮುಟ್ಟುವ ಈ ಸಾಮಾನ್ಯ ವಸ್ತುವಿನ ಹಿಂದೆ ಮುನ್ನೂರು ವರ್ಷಗಳ ಒಂದು ದೊಡ್ಡ ಕೊಡುಕೊಳ್ಳುವಿಕೆಯ ಇತಿಹಾಸವಿದೆ. ಹೆಸರು ಉಳಿದಿದೆ, ಆದರೆ ಹೆಸರಿನ ಹಿಂದಿನ ಋಣವನ್ನು ನೆನೆಯುವವರು ವಿರಳ.

ಹದಿನಾರನೆಯ ಶತಮಾನದಿಂದ ಹತ್ತೊಂಬತ್ತನೆಯ ಶತಮಾನದವರೆಗೆ ಚೀನಾದ ಕುಶಲಕರ್ಮಿಗಳು ತಮ್ಮ ನಾಡಿಗಾಗಿ ಮಾತ್ರವಲ್ಲದೆ, ತಾವು ಎಂದೂ ಕಾಣದ ಪಶ್ಚಿಮದ ಜನರಿಗಾಗಿಯೂ ಪಾತ್ರೆ, ಪೆಟ್ಟಿಗೆ, ಬಟ್ಟೆ, ಗೋಡೆಕಾಗದಗಳನ್ನು ಸಿದ್ಧಗೊಳಿಸಿದರು. ಇದನ್ನು ಕಲೆಯ ಇತಿಹಾಸಕಾರರು ಚೀನಾದ ರಫ್ತುಕಲೆ ಎನ್ನುತ್ತಾರೆ. ಈ ಸರಕು ಯೂರೋಪಿನ ಮನೆಯ ಊಟದ ಮೇಜನ್ನು, ಗೋಡೆಯನ್ನು, ಕುರ್ಚಿಯನ್ನು, ಕೊನೆಗೆ ತೋಟವನ್ನು ಸಹ ಮಾರ್ಪಡಿಸಿತು. ಇದನ್ನು ಕುರಿತು ಎರಡು ಅಭಿಪ್ರಾಯಗಳು ಬಹುಕಾಲದಿಂದ ಬಳಕೆಯಲ್ಲಿವೆ. ಪರರ ರುಚಿಗೆ ತಕ್ಕಂತೆ ಮಾಡಿಕೊಟ್ಟದ್ದು ನಿಜವಾದ ಕಲೆಯೇ ಅಲ್ಲ, ಅದು ಬರಿಯ ವ್ಯಾಪಾರದ ಸರಕು ಎಂಬುದು ಒಂದು. ಪರರದನ್ನು ನೋಡಿ ಮಾಡಿಕೊಂಡ ಯೂರೋಪಿನದು ಬರಿಯ ಅನುಕರಣೆ, ಅದರಲ್ಲಿ ಹೆಮ್ಮೆಪಡತಕ್ಕದ್ದೇನೂ ಇಲ್ಲ ಎಂಬುದು ಇನ್ನೊಂದು. ಇವೆರಡೂ ಸರಿಯಲ್ಲವೆಂದು ನಾವು ಭಾವಿಸುತ್ತೇವೆ. ಕೊಡುವುದೂ ಅವಮಾನವಲ್ಲ, ಕೊಳ್ಳುವುದೂ ಅವಮಾನವಲ್ಲ. ಕೊಂಡ ಋಣವನ್ನು ಮರೆಯುವುದೊಂದೇ ಅವಮಾನ. ಈ ಮಾತನ್ನು ಇತಿಹಾಸದ ಸಾಕ್ಷ್ಯದಿಂದಲೇ ಸಮರ್ಥಿಸಲು ಇಲ್ಲಿ ಯತ್ನಿಸುತ್ತೇವೆ.

ಮೊದಲು ವಸ್ತುವನ್ನೇ ನೋಡೋಣ. ಚೀನಾದ ಜಿಯಾಂಗ್‌ಷಿ ಪ್ರಾಂತದಲ್ಲಿ ಜಿಂಗ್‌ದೆಜೆನ್ ಎಂಬ ಊರಿದೆ. ಊರಿನ ಆಸುಪಾಸಿನಲ್ಲಿ ‘ಎತ್ತರದ ದಿಣ್ಣೆ’ ಎಂಬರ್ಥದ ಗಾವೊಲಿಂಗ್ ಎಂಬ ಗುಡ್ಡ. ಅಲ್ಲಿ ದೊರೆಯುವ ಬಿಳಿಯ ಜೇಡಿಗೆ ಆ ಗುಡ್ಡದ ಹೆಸರಿನಿಂದಲೇ ಕೆಯೋಲಿನ್ ಎಂಬ ಹೆಸರು ಬಂದು, ಇಂದು ಜಗತ್ತಿನ ವಿಜ್ಞಾನಗ್ರಂಥಗಳಲ್ಲೆಲ್ಲ ನಿಂತಿದೆ. ಈ ಜೇಡಿಗೆ ಒಂದು ಬಗೆಯ ಕಲ್ಲಿನ ನಯವಾದ ಪುಡಿಯನ್ನು ಬೆರೆಸಿ, ತಿದ್ದಿ ತೀಡಿ, ಸುಮಾರು ೧೩೦೦ ಸೆಂಟಿಗ್ರೇಡ್ ಉಷ್ಣತೆಯ ಆವಿಗೆಯಲ್ಲಿ ಸುಟ್ಟರೆ ಕಲ್ಲಿನ ಪುಡಿ ಕರಗಿ ಗಾಜಿನಂತಾಗಿ ಜೇಡಿಯನ್ನು ಬಿಗಿದಪ್ಪಿಕೊಳ್ಳುತ್ತದೆ. ಆಗ ಹುಟ್ಟುವ ಪಾತ್ರೆ ಬೆಳ್ಳಗೆ, ತೆಳ್ಳಗೆ, ಬೆಳಕಿಗೆ ಹಿಡಿದರೆ ನಸುವಾಗಿ ಹೊಳೆಯುವಂತೆ ಇರುತ್ತದೆ; ಬೆರಳಿನಿಂದ ತಟ್ಟಿದರೆ ಗಂಟೆಯಂತೆ ನುಡಿಯುತ್ತದೆ. ೧೭೧೨ರಲ್ಲಿ ಅಲ್ಲಿಂದ ಪತ್ರ ಬರೆದ ಫ್ರೆಂಚ್ ಪಾದ್ರಿ ದಾಂತ್ರಕೋಲ್ ಎಂಬಾತನು, ಒಂದೊಂದು ಪಾತ್ರೆಯೂ ಎಪ್ಪತ್ತು ಮಂದಿಯ ಕೈ ದಾಟಿ ಬರುತ್ತದೆಂದು ಅಲ್ಲಿನವರಿಂದ ಕೇಳಿ ತಿಳಿಸಿದ್ದಾನೆ. ಒಬ್ಬನು ರೇಖೆಯನ್ನೆಳೆದರೆ ಇನ್ನೊಬ್ಬನು ಬಣ್ಣ ತುಂಬುವನು. ಇಷ್ಟು ಮಂದಿಯಲ್ಲಿ ಒಬ್ಬನ ಹೆಸರಾದರೂ ಪಾತ್ರೆಯ ಮೇಲೆ ಇರುವುದಿಲ್ಲ. ‘ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ’ ಎಂಬ ನಮ್ಮ ಗಾದೆಯ ವರುಷವೆಂದರೆ ಏನೆಂಬುದು ಆ ಊರನ್ನು ನೆನೆದಾಗ ತಿಳಿಯುತ್ತದೆ.

ಬಿಳಿಯ ಮೈಯ ಮೇಲೆ ನೀಲಿಯ ಚಿತ್ರ ಎಂದೊಡನೆ ‘ಇದು ಅಪ್ಪಟ ಚೀನೀ’ ಎಂದು ನಮ್ಮ ಮನಸ್ಸು ಹೇಳುತ್ತದೆ. ಆದರೆ ಹದಿನಾಲ್ಕನೆಯ ಶತಮಾನದಲ್ಲಿ ಈ ನೀಲಿಯನ್ನು ಕೊಟ್ಟ ಕೋಬಾಲ್ಟ್ ಎಂಬ ಖನಿಜವು ಪರ್ಷಿಯಾದಿಂದ ಬಂದುದು. ಈ ಪಾತ್ರೆಗಳನ್ನು ಆದರದಿಂದ ಕೊಂಡ ಮೊದಲಿನ ಗಿರಾಕಿಗಳಲ್ಲಿ ಪಶ್ಚಿಮ ಏಷ್ಯದ ಸುಲ್ತಾನರೂ ವರ್ತಕರೂ ಪ್ರಮುಖರು. ಹತ್ತಾರು ಮಂದಿ ಸುತ್ತ ಕುಳಿತು ಒಂದೇ ಹರಿವಾಣದಿಂದ ಉಣ್ಣುವ ಆ ನಾಡುಗಳ ಪದ್ಧತಿಗೆ ಒಪ್ಪುವ ಭಾರಿ ತಟ್ಟೆಗಳನ್ನು ಜಿಂಗ್‌ದೆಜೆನ್ನಿನ ಕುಂಬಾರರು ಮಾಡಿಕೊಟ್ಟರು. ಇಸ್ತಾಂಬೂಲಿನ ತೋಪ್‌ಕಾಪಿ ಅರಮನೆಯಲ್ಲಿ ಹತ್ತು ಸಾವಿರಕ್ಕೂ ಮೀರಿದ ಚೀನೀ ಪಾತ್ರೆಗಳು ಇಂದಿಗೂ ಇವೆ. ಅಂದರೆ, ಯೂರೋಪಿನವರು ಬರುವ ಮೊದಲೇ ಚೀನಾದ ಕಲೆ ಪರರೊಡನೆ ಕೊಡುಕೊಳ್ಳುತ್ತ ಬೆಳೆದ ಕಲೆ. ಯಾವ ಕಲೆಯನ್ನು ಅಪ್ಪಟವೆಂದು ಲೋಕ ಕೊಂಡಾಡಿತೋ ಅದರ ಬೇರಿನಲ್ಲಿಯೇ ಬೆರಕೆಯಿತ್ತು. ಈ ಸಂಗತಿ ನಮ್ಮ ವಾದಕ್ಕೆ ಮೊದಲನೆಯ ಆಧಾರ.

ಇನ್ನು ಯೂರೋಪಿನ ಕಡೆಗೆ ಬರೋಣ. ೧೫೫೭ರ ಹೊತ್ತಿಗೆ ಪೋರ್ಚುಗೀಸರು ಮಕಾವ್‌ನಲ್ಲಿ ನೆಲೆಯೂರಿ ಪಿಂಗಾಣಿಯನ್ನು ತಮ್ಮ ನಾಡಿಗೆ ಸಾಗಿಸತೊಡಗಿದ್ದರು. ೧೬೦೩ರಲ್ಲಿ ‘ಸಾಂತಾ ಕತರಿನಾ’ ಎಂಬ ಅವರ ದೊಡ್ಡ ಹಡಗನ್ನು ಸಿಂಗಪುರದ ಸಮೀಪದಲ್ಲಿ ಡಚ್ಚರು ಹಿಡಿದರು. ಹಡಗಿನೊಳಗೆ ಸುಮಾರು ಒಂದು ಲಕ್ಷ ಪಿಂಗಾಣಿ ಪಾತ್ರೆಗಳಿದ್ದುವು. ಮರುವರ್ಷ ಆಮ್‌ಸ್ಟರ್‌ಡ್ಯಾಮಿನಲ್ಲಿ ಆ ಸರಕು ಹರಾಜಿಗೆ ಬಂದಾಗ ಫ್ರಾನ್ಸಿನ ದೊರೆ ನಾಲ್ಕನೆಯ ಹೆನ್ರಿಯೂ ಇಂಗ್ಲೆಂಡಿನ ದೊರೆ ಒಂದನೆಯ ಜೇಮ್ಸನೂ ಕೊಂಡವರಲ್ಲಿ ಸೇರಿದ್ದರು. ಮರದ ತಟ್ಟೆ, ತವರದ ತಟ್ಟೆ, ಒರಟಾದ ಮಣ್ಣಿನ ಕುಡಿಕೆಗಳಲ್ಲಿ ಉಂಡು ಕುಡಿಯುತ್ತಿದ್ದ ಯೂರೋಪಿನ ಜನಕ್ಕೆ ಈ ತೆಳುವಾದ, ತೊಳೆದಷ್ಟೂ ಹೊಳೆಯುವ, ಹುಳಿಯಿಟ್ಟರೂ ಕಿಲುಬು ಹಿಡಿಯದ ಪಾತ್ರೆ ಸೋಜಿಗವಾಗಿ ಕಂಡಿತು. ಹಡಗಿನ ತಳದಲ್ಲಿ ಪಿಂಗಾಣಿ, ಅದರ ಮೇಲೆ ಚಹದ ಪೆಟ್ಟಿಗೆ: ಹೀಗೆ ಹೇರುವುದು ಮುಂದೆ ವಾಡಿಕೆಯಾಯಿತು. ನೀರು ತಾಗಿದರೆ ಚಹ ಕೆಡುವುದು, ಪಿಂಗಾಣಿ ಕೆಡದು. ೧೭೫೨ರಲ್ಲಿ ದಕ್ಷಿಣ ಚೀನಾ ಸಮುದ್ರದಲ್ಲಿ ಮುಳುಗಿದ ‘ಗೆಲ್ಡರ್‌ಮಾಲ್ಸೆನ್’ ಎಂಬ ಡಚ್ ಹಡಗನ್ನು ೧೯೮೫ರಲ್ಲಿ ಶೋಧಿಸಿದಾಗ ಚಹವೆಲ್ಲ ಹಾಳಾಗಿತ್ತು. ಆದರೆ ಸುಮಾರು ಒಂದೂವರೆ ಲಕ್ಷ ಪಿಂಗಾಣಿ ವಸ್ತುಗಳು ಇನ್ನೂರ ಮೂವತ್ತಕ್ಕೂ ಹೆಚ್ಚು ವರ್ಷ ಕಡಲ ತಳದಲ್ಲಿದ್ದೂ ಮೇಲೆ ಬಂದುವು.

ಇಲ್ಲಿಂದ ಮುಂದೆ ಕೊಳ್ಳುವವನ ಬೇಡಿಕೆ ಮಾಡುವವನ ಕೈಯನ್ನು ಮುಟ್ಟಿತು. ೧೬೩೫ರಲ್ಲಿ ಡಚ್ಚರು ತಮಗೆ ಬೇಕಾದ ಪಾತ್ರೆಗಳ ಆಕಾರವನ್ನು ಮರದಲ್ಲಿ ಕಡೆಸಿ, ಆ ಮಾದರಿಗಳನ್ನು ಚೀನೀ ವರ್ತಕರಿಗೆ ಕೊಟ್ಟರು. ಬಿಯರ್ ಕುಡಿಯುವ ಹಿಡಿಯುಳ್ಳ ಪಾತ್ರೆ, ಸಾಸಿವೆಯ ಡಬ್ಬಿ, ಉಪ್ಪಿನ ಬಟ್ಟಲು, ಅಗಲವಾದ ಅಂಚಿನ ತಟ್ಟೆ, ಇವು ಯಾವುವೂ ಚೀನೀಯರ ಊಟದಲ್ಲಿ ಬಳಕೆಯಾಗುವಂಥವಲ್ಲ. ಆದರೂ ಕುಂಬಾರನು ಮಾಡಿಕೊಟ್ಟನು. ೧೭೫೭ರಿಂದ ೧೮೪೨ರವರೆಗೆ ಚಕ್ರವರ್ತಿಯ ಆಜ್ಞೆಯಂತೆ ಪಶ್ಚಿಮದವರ ವ್ಯಾಪಾರವೆಲ್ಲ ಕಾಂಟನ್ ಎಂಬ ಒಂದೇ ರೇವಿನಲ್ಲಿ, ಇಂದಿನ ಗುವಾಂಗ್‌ಝೌ ನಗರದಲ್ಲಿ, ನಡೆಯಬೇಕಾಯಿತು. ಜಿಂಗ್‌ದೆಜೆನ್ನಿನಿಂದ ಬಿಳಿಯ ಪಾತ್ರೆಗಳು ನದಿಯ ಮೂಲಕವೂ ಬೆಟ್ಟದ ದಾರಿಯಲ್ಲಿ ಕೂಲಿಗಳ ಹೆಗಲ ಮೇಲೂ ಕಾಂಟನ್ನಿಗೆ ಬರುವುವು. ಅಲ್ಲಿನ ಚಿತ್ರಗಾರರು ಗಿರಾಕಿಯ ಮನಸ್ಸಿಗೆ ಬಂದಂತೆ ಬಣ್ಣ ಬರೆದು ಇನ್ನೊಮ್ಮೆ ಸುಡುವರು. ಯೂರೋಪಿನ ಶ್ರೀಮಂತರು ತಮ್ಮ ವಂಶಲಾಂಛನವನ್ನು ಕಾಗದದ ಮೇಲೆ ಬರೆದು ಕಳುಹಿಸಿ, ನೂರಾರು ತಟ್ಟೆಗಳ ಮೇಲೆ ಅದನ್ನು ಬರೆಸಿ ತರಿಸುತ್ತಿದ್ದರು. ಹಡಗು ಹೋಗಿ ಬರುವಷ್ಟರಲ್ಲಿ ಎರಡು ವರ್ಷ ಕಳೆಯುತ್ತಿದ್ದುವು. ಲಾಂಛನದ ಪಕ್ಕದಲ್ಲಿ ‘ಇಲ್ಲಿ ಕೆಂಪು’, ‘ಇಲ್ಲಿ ಹಸಿರು’ ಎಂದು ಬರೆದಿದ್ದ ಸೂಚನೆಗಳನ್ನೂ ಲಿಪಿಯರಿಯದ ಚಿತ್ರಗಾರನು ಚಿತ್ರದ ಭಾಗವೆಂದೇ ತಿಳಿದು ತಟ್ಟೆಯ ಮೇಲೆ ಅಂದವಾಗಿ ಬರೆದನೆಂಬ ಕಥೆ ಸಂಗ್ರಹಕಾರರಲ್ಲಿ ಪ್ರಚಲಿತವಾಗಿದೆ. ಇದನ್ನು ಕೇಳಿ ನಗುವವರುಂಟು. ನಮಗೇನೋ ನಗುವುದಕ್ಕಿಂತ ಆ ಕೈಯ ನಿಷ್ಠೆಗೆ ತಲೆದೂಗಬೇಕೆನಿಸುತ್ತದೆ.

ಕೊಂಡ ಯೂರೋಪು ಸುಮ್ಮನೆ ಕುಳಿತಿರಲಿಲ್ಲ. ಹಾಲೆಂಡಿನ ಡೆಲ್ಫ್ಟ್ ನಗರದ ಕುಂಬಾರರಿಗೆ ಪಿಂಗಾಣಿಯ ಗುಟ್ಟು ತಿಳಿಯದು. ಅವರು ತಮ್ಮ ಸಾಧಾರಣ ಮಣ್ಣಿನ ಪಾತ್ರೆಗೆ ತವರ ಬೆರೆತ ಬಿಳಿಯ ಲೇಪವನ್ನು ಕೊಟ್ಟು ಅದರ ಮೇಲೆ ನೀಲಿಯಲ್ಲಿ ಚೀನೀ ಹೂಬಳ್ಳಿಗಳನ್ನು ಬರೆದರು. ೧೬೪೪ರಲ್ಲಿ ಮಿಂಗ್ ವಂಶವುರುಳಿ ಚೀನಾದಲ್ಲಿ ಕಲಹವೆದ್ದು ಸರಕು ಬರುವುದು ಕಡಿಮೆಯಾದಾಗ ಡೆಲ್ಫ್ಟಿನ ಪಾತ್ರೆಗೆ ಬೆಲೆ ಬಂದಿತು. ಸ್ಯಾಕ್ಸನಿಯ ಅರಸ ಅಗಸ್ಟಸನ ಹುಚ್ಚಂತೂ ಹೇಳತೀರದು. ೧೭೧೭ರಲ್ಲಿ ಈತನು ಪ್ರಷ್ಯದ ದೊರೆಗೆ ಆರುನೂರು ಮಂದಿ ಸವಾರರನ್ನು ಕೊಟ್ಟು ೧೫೧ ಪಿಂಗಾಣಿಗಳನ್ನು ಪಡೆದನು! ಚಿನ್ನ ಮಾಡಿಕೊಡುವೆನೆಂದು ಹೇಳಿಕೊಂಡಿದ್ದ ಬಟ್‌ಗರ್ ಎಂಬ ತರುಣನನ್ನು ಈ ಅರಸನು ಬಂಧನದಲ್ಲಿಟ್ಟಿದ್ದನು. ಚಿರ್ನ್‌ಹೌಸ್ ಎಂಬ ವಿದ್ವಾಂಸನ ಮಾರ್ಗದರ್ಶನದಲ್ಲಿ ದುಡಿದ ಆ ಬಂಧಿ ಚಿನ್ನವನ್ನು ಮಾಡಲಿಲ್ಲ. ೧೭೦೮ರ ಸುಮಾರಿಗೆ ಪಿಂಗಾಣಿಯ ಗುಟ್ಟನ್ನು ಭೇದಿಸಿದನು. ೧೭೧೦ರಲ್ಲಿ ಮೈಸೆನ್ನಿನಲ್ಲಿ ಕಾರ್ಖಾನೆ ಸ್ಥಾಪನೆಯಾಯಿತು. ೧೭೫೦ರ ಸುಮಾರಿನಲ್ಲಿ ಲಂಡನ್ನಿನ ಬಳಿಯ ಬೋ ಎಂಬಲ್ಲಿನ ಕಾರ್ಖಾನೆ ತನ್ನನ್ನು ‘ಹೊಸ ಕಾಂಟನ್’ ಎಂದೇ ಕರೆದುಕೊಂಡಿತು. ಕಾರ್ನ್‌ವಾಲಿನಲ್ಲಿ ಬಿಳಿಯ ಜೇಡಿಯನ್ನು ಕಂಡುಹಿಡಿದ ಕುಕ್‌ವರ್ದಿ ಎಂಬ ಔಷಧ ವ್ಯಾಪಾರಿ ೧೭೬೮ರಲ್ಲಿ ಇಂಗ್ಲೆಂಡಿನಲ್ಲಿ ಅಪ್ಪಟ ಪಿಂಗಾಣಿ ಮಾಡುವ ಹಕ್ಕುಪತ್ರ ಪಡೆದನು. ದಾಂತ್ರಕೋಲ್ ಪಾದ್ರಿಯ ಪತ್ರಗಳ ತಿಳಿವಳಿಕೆ ಆತನಿಗೆ ದಾರಿದೀಪವಾಯಿತು.

ತಟ್ಟೆಯಿಂದ ಹೊರಟ ಪ್ರಭಾವ ಮನೆಯನ್ನೆಲ್ಲ ಹಬ್ಬಿತು. ಒಂದು ಜಾತಿಯ ಮರದ ರಸವನ್ನು ಪದರಪದರವಾಗಿ ಬಳಿದು, ಒಣಗಿಸಿ, ಉಜ್ಜಿ ಕನ್ನಡಿಯಂತೆ ಹೊಳೆಯಿಸಿದ ಪೂರ್ವದೇಶದ ಪೆಟ್ಟಿಗೆಗಳು ಯೂರೋಪಿಗೆ ಬಂದುವು. ಆ ಮರ ಯೂರೋಪಿನಲ್ಲಿಲ್ಲ. ಆದುದರಿಂದ ಅಲ್ಲಿನವರು ಬೇರೆ ಬೇರೆ ಅಂಟುಗಳಿಂದ ಅದೇ ಹೊಳಪನ್ನು ಸಾಧಿಸಲು ಹೆಣಗಿದರು. ಸ್ಟಾಕರ್ ಮತ್ತು ಪಾರ್ಕರ್ ಎಂಬಿಬ್ಬರು ೧೬೮೮ರಲ್ಲಿ ಈ ವಿದ್ಯೆಯನ್ನು ಕಲಿಸುವ ಒಂದು ಪುಸ್ತಕವನ್ನೇ ಅಚ್ಚು ಹಾಕಿಸಿದರು. ಪಶ್ಚಿಮದ ಗಿರಾಕಿಗಳಿಗಾಗಿಯೇ ಚೀನೀ ಚಿತ್ರಗಾರರು ಕೈಯಿಂದ ಬರೆದ ಗೋಡೆಕಾಗದದಲ್ಲಿ ಒಂದು ಮೂಲೆಯಿಂದ ಇನ್ನೊಂದು ಮೂಲೆಯವರೆಗೆ ಹೂಮರ ಬೆಳೆಯುತ್ತಿತ್ತು, ಹಕ್ಕಿ ಹಾರುತ್ತಿತ್ತು. ಒಂದು ಸುರುಳಿಯ ಚಿತ್ರ ಮತ್ತೊಂದರಲ್ಲಿ ಮರುಕಳಿಸುತ್ತಿರಲಿಲ್ಲ. ಇಂಗ್ಲೆಂಡಿನ ಪೀಠೋಪಕರಣ ಶಿಲ್ಪಿ ಚಿಪೆಂಡೇಲ್ ೧೭೫೪ರಲ್ಲಿ ಪ್ರಕಟಿಸಿದ ಮಾದರಿಗಳ ಗ್ರಂಥದಲ್ಲಿ ಚೀನೀ ರುಚಿಯ ಕುರ್ಚಿ, ಕಪಾಟು, ಜಾಲಂದ್ರಗಳಿಗೆ ಸ್ಥಾನ ಕೊಟ್ಟನು. ಸ್ವೀಡಿಷ್ ಕಂಪನಿಯ ಹಡಗಿನಲ್ಲಿ ಕಾಂಟನ್ನಿಗೆ ಹೋಗಿಬಂದಿದ್ದ ವಿಲಿಯಂ ಚೇಂಬರ್ಸ್ ೧೭೫೭ರಲ್ಲಿ ಚೀನೀ ಕಟ್ಟಡಗಳನ್ನು ಕುರಿತ ಗ್ರಂಥ ಬರೆದು, ೧೭೬೨ರಲ್ಲಿ ಲಂಡನ್ನಿನ ಕ್ಯೂ ತೋಟದಲ್ಲಿ ಒಂದು ಪಗೋಡವನ್ನು ಕಟ್ಟಿ ಮುಗಿಸಿದನು. ಅದು ಇಂದಿಗೂ ನಿಂತಿದೆ. ಅದಕ್ಕೆ ಹತ್ತು ಅಂತಸ್ತು. ಚೀನಾದಲ್ಲಿಯಾದರೋ ಪಗೋಡದ ಅಂತಸ್ತುಗಳು ಬೆಸ ಸಂಖ್ಯೆಯಲ್ಲಿರುವುದು ಸಂಪ್ರದಾಯ.

ಆ ಹತ್ತನೆಯ ಅಂತಸ್ತಿನಲ್ಲಿಯೇ ನಮ್ಮ ಆಕ್ಷೇಪಣೆಯ ಬೀಜವಿದೆ. ‘ದೂರದ ಬೆಟ್ಟ ನುಣ್ಣಗೆ’ ಎಂದು ನಮ್ಮ ಹಿರಿಯರು ಹೇಳುತ್ತಾರೆ. ಯೂರೋಪಿನವರಲ್ಲಿ ಬಹುಮಂದಿಗೆ ಚೀನಾ ಅಂಥ ಬೆಟ್ಟವಾಗಿತ್ತು. ಹದಿನಾಲ್ಕನೆಯ ಲೂಯಿ ದೊರೆ ೧೬೭೦ರಲ್ಲಿ ವರ್ಸೇಲ್ಸಿನಲ್ಲಿ ‘ಪಿಂಗಾಣಿಯ ತ್ರಿಯಾನೋ’ ಎಂಬ ವಿಹಾರಭವನವನ್ನು ಕಟ್ಟಿಸಿದನು. ಅದರಲ್ಲಿದ್ದುದು ಪಿಂಗಾಣಿಯಲ್ಲ, ನೀಲಿ-ಬಿಳಿಯ ಲೇಪದ ಮಣ್ಣಿನ ಬಿಲ್ಲೆಗಳು. ಮಳೆ ಚಳಿಗಳಿಗೆ ಅವು ಬಿರುಕುಬಿಟ್ಟು ೧೬೮೭ರಲ್ಲಿ ಕಟ್ಟಡವನ್ನೇ ಕೆಡವಬೇಕಾಯಿತು. ಹೊರಗಿನ ರೂಪವನ್ನು ಕಂಡು ಒಳಗಿನ ವಿದ್ಯೆಯನ್ನು ಕಲಿಯದಿದ್ದರೆ ಆಗುವ ಗತಿಗೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕೆ? ಮುಂದೆ ಫ್ರಾನ್ಸಿನಲ್ಲಿಯೂ ಇಂಗ್ಲೆಂಡಿನಲ್ಲಿಯೂ ಪರದೆಗಳ ಮೇಲೆ, ಗೋಡೆಗಳ ಮೇಲೆ ಕುಣಿದ ‘ಚೀನೀಯ’ನು ಕೊಡೆ ಹಿಡಿದು, ಮೀಸೆ ಇಳಿಬಿಟ್ಟು, ಕೋತಿಗಳೊಡನೆ ಆಡುವ ಒಂದು ಬೊಂಬೆ. ಯಾವ ನಾಡಿನ ಕೈಯಿಂದ ಅನ್ನದ ತಟ್ಟೆ ಬಂದಿತೋ ಆ ನಾಡಿನ ಮನುಷ್ಯನೇ ತಟ್ಟೆಯ ಮೇಲಿನ ವಿನೋದವಾದನು.

ಇದರ ತುದಿಯನ್ನು ‘ವಿಲೋ’ ವಿನ್ಯಾಸದಲ್ಲಿ ಕಾಣಬಹುದು. ನೀಲಿಯ ತಟ್ಟೆ, ಅದರಲ್ಲಿ ಬಾಗಿದ ವಿಲೋ ಮರ, ಸೇತುವೆಯ ಮೇಲೆ ಮೂವರು, ಒಂದು ದೋಣಿ, ಒಂದು ಮಂಟಪ, ಮೇಲೆ ಎರಡು ಹಕ್ಕಿ. ಲೋಕದಲ್ಲಿ ಎಷ್ಟೋ ಮಂದಿ ಇದನ್ನು ಚೀನಾದ ಪುರಾತನ ಚಿತ್ರವೆಂದು ತಿಳಿದಿದ್ದಾರೆ. ವಾಸ್ತವವಾಗಿ ಚೀನೀ ಪಾತ್ರೆಗಳ ಮೇಲಿನ ದೃಶ್ಯಗಳಿಂದ ಆಯ್ದು ೧೭೯೦ರ ಸುಮಾರಿಗೆ ಇಂಗ್ಲೆಂಡಿನಲ್ಲಿ ಈ ವಿನ್ಯಾಸವನ್ನು ಜೋಡಿಸಿದರು. ತಾಮ್ರದ ಹಲಗೆಯಲ್ಲಿ ಚಿತ್ರವನ್ನು ಕೊರೆದು, ತೆಳುಕಾಗದಕ್ಕೆ ಅಚ್ಚೊತ್ತಿ, ಕಾಗದದಿಂದ ತಟ್ಟೆಗೆ ಇಳಿಸುವ ಯಂತ್ರವಿಧಾನದಿಂದ ಸಾವಿರಗಟ್ಟಲೆ ತಟ್ಟೆಗಳು ಅಗ್ಗವಾಗಿ ಹೊರಬಂದುವು. ಮಾಂಡರಿನ್ ಅಧಿಕಾರಿಯ ಮಗಳು ಬಡ ಗುಮಾಸ್ತನೊಡನೆ ಓಡಿಹೋಗಿ, ಕೊನೆಗೆ ಇಬ್ಬರೂ ಹಕ್ಕಿಗಳಾದರೆಂಬ ಕಥೆಯನ್ನು ಹತ್ತೊಂಬತ್ತನೆಯ ಶತಮಾನದ ಇಂಗ್ಲಿಷರೇ ಕಟ್ಟಿ ಈ ಚಿತ್ರಕ್ಕೆ ಅಂಟಿಸಿದರು. ಇನ್ನೂ ವಿಚಿತ್ರವೆಂದರೆ, ಆ ಇಂಗ್ಲಿಷ್ ಮಾದರಿಯನ್ನು ನೋಡಿ ಚೀನಾದ ಚಿತ್ರಗಾರರೂ ಪಶ್ಚಿಮದ ಗಿರಾಕಿಗಳಿಗೆ ಅದನ್ನೇ ಬರೆದುಕೊಟ್ಟರು! ಶಿಷ್ಯನು ತಪ್ಪಾಗಿ ಬರೆದ ಪಾಠವನ್ನು ಗುರುವಿನ ಕೈಯಿಂದಲೇ ನಕಲು ತೆಗೆಸಿದಂತಾಯಿತು.

ಹೆಸರುಗಳ ಮರೆವು ನಮ್ಮ ನಾಡಿನ ಕರಾವಳಿಯನ್ನೂ ಮುಟ್ಟಿದೆ. ಕೊರೆದು ಬಣ್ಣ ತುಂಬಿದ ಚೀನಾದ ಭಾರಿ ಮಡಿಕೆತೆರೆಗಳಿಗೆ ಯೂರೋಪಿನಲ್ಲಿ ‘ಕೋರಮಂಡಲ’ ಎಂಬ ಹೆಸರು ನಿಂತಿತು. ಕಾರಣವೇನು? ಅವು ನಮ್ಮ ಪೂರ್ವ ಕರಾವಳಿಯ ರೇವುಗಳಲ್ಲಿ ಇಳಿದು ಹಡಗು ಬದಲಿಸಿ ಮುಂದೆ ಹೋದುವು, ಅಷ್ಟೇ. ಚೀನೀ ಗೋಡೆಕಾಗದವನ್ನು ಇಂಗ್ಲಿಷರು ಬಹುಕಾಲ ‘ಇಂಡಿಯಾ ಕಾಗದ’ ಎಂದರು. ಅದನ್ನು ತಂದ ಕಂಪನಿಯ ಹೆಸರಿನಲ್ಲಿ ಇಂಡಿಯಾ ಇದ್ದುದೇ ಅದಕ್ಕೆ ಕಾರಣ. ಮರದ ರಸದ ಮೆರುಗನ್ನು ಅನುಕರಿಸುವ ವಿದ್ಯೆಗೆ ಜಪಾನಿನ ಹೆಸರಿಟ್ಟರು. ಕೊಳ್ಳುವವನಿಗೆ ಪೂರ್ವವೆಲ್ಲ ಒಂದೇ ಆಗಿತ್ತು. ಭಾರತೀಯರಾದ ನಮಗೆ ಸಲ್ಲದ ಕೀರ್ತಿ ಇಲ್ಲಿ ನಮ್ಮ ಪಾಲಿಗೆ ಬಂದಿದೆ. ಅದನ್ನು ಮರಳಿ ಒಪ್ಪಿಸುವುದು ನಮ್ಮ ಧರ್ಮ.

ಈಗ ಮೊದಲು ಹೇಳಿದ ಎರಡು ಅಭಿಪ್ರಾಯಗಳನ್ನು ತೂಗಿ ನೋಡೋಣ. ಪರರಿಗಾಗಿ ಮಾಡಿದ್ದು ಕಲೆಯಲ್ಲವೆಂಬುದು ಮೊದಲನೆಯದು. ಚೀನಾದ ಪಂಡಿತರೇ ಕಾಂಟನ್ನಿನ ರಫ್ತು ಸರಕನ್ನು ಕೀಳಾಗಿ ಕಂಡರು. ಹಿತ್ತಲ ಗಿಡ ಮದ್ದಲ್ಲವಷ್ಟೆ. ಈ ವಾದದಲ್ಲಿ ಸತ್ಯಾಂಶವಿಲ್ಲವೆಂದು ನಾವು ಹೇಳುವುದಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಗಿರಾಕಿಗೆ ಬೇಕಾದುದು ಅಗ್ಗ ಮತ್ತು ಆಡಂಬರ ಎಂದಾದಾಗ, ಎಳ್ಳುಕಾಳಿನಷ್ಟು ಜಾಗವನ್ನೂ ಬಿಡದೆ ಬಣ್ಣ ತುಂಬಿದ ಒಂದೇ ಅಚ್ಚಿನ ಪಾತ್ರೆಗಳು ರಾಶಿರಾಶಿಯಾಗಿ ಬಂದುವು. ಮೆಚ್ಚಿಸುವುದೊಂದೇ ಗುರಿಯಾದರೆ ಕೈ ಸೋಲುತ್ತದೆ. ಆದರೆ ಅದಕ್ಕೆ ಮೊದಲಿನ ಉತ್ತಮ ವಸ್ತುಗಳನ್ನು ನೋಡಿರಿ. ಲಾಂಛನ ಇಂಗ್ಲೆಂಡಿನದು, ತಟ್ಟೆಯ ಆಕಾರ ಹಾಲೆಂಡಿನದು. ಆದರೆ ಅಂಚಿನ ಸುತ್ತ ಹರಿದ ಆ ಹೂಬಳ್ಳಿಯ ಬಾಗು, ಕುಂಚವನ್ನು ಒತ್ತಿ ಎತ್ತಿದ ಆ ಹದ, ಬಿಳಿಯ ಬಯಲನ್ನು ಬಯಲಾಗಿಯೇ ಬಿಟ್ಟ ಆ ಸಂಯಮ, ಇವು ಮಾತ್ರ ಬರೆದವನವು. ವಿಷಯ ಗಿರಾಕಿಯದು, ಕೈ ತನ್ನದು. ಪರರೊಡನೆ ಪರರ ಮಾತಿನಲ್ಲಿ ನುಡಿಯಬೇಕಾಗಿ ಬಂದಾಗಲೂ ತನ್ನ ಕೈಬರಹವನ್ನು ಬಿಡದಿರುವುದು ಸಾಧ್ಯವೆಂಬುದಕ್ಕೆ ಹೆಸರಿಲ್ಲದ ಆ ಚಿತ್ರಗಾರನೇ ಸಾಕ್ಷಿ.

ಅನುಕರಣೆ ಹೀನವೆಂಬುದು ಎರಡನೆಯ ಅಭಿಪ್ರಾಯ. ಅನುಕರಣೆಯಲ್ಲಿಯೂ ಎರಡು ಬಗೆಯಿದೆ. ಬಟ್‌ಗರನು ಮಣ್ಣನ್ನು ಅರೆದು, ಬೆಂಕಿಯನ್ನು ಪಳಗಿಸಿ, ಸೋತು ಮತ್ತೆ ಎದ್ದು ಕಲಿತನು. ಮೈಸೆನ್ ಮೊದಲು ಚೀನಾ ಜಪಾನುಗಳ ಚಿತ್ರಗಳನ್ನು ಬರೆದು, ಬಳಿಕ ತನ್ನದೇ ಆದ ಹೂಗಳನ್ನು, ತನ್ನದೇ ಆದ ಬೊಂಬೆಗಳನ್ನು ಸೃಷ್ಟಿಸಿತು. ಡೆಲ್ಫ್ಟಿನ ಕುಂಬಾರನು ಚೀನೀ ಹೂವಿನ ಪಕ್ಕದಲ್ಲಿ ತನ್ನೂರಿನ ಗಾಳಿಗಿರಣಿಯನ್ನೂ ಕಾಲುವೆಯನ್ನೂ ಬರೆದನು. ಇದು ಕಲಿಕೆಯ ಅನುಕರಣೆ. ಇದು ಮನುಷ್ಯಕುಲದ ಮುನ್ನಡೆಯ ಹಾದಿ. ಶ್ರಮವನ್ನು ಕಲಿಯದೆ ತೋರಿಕೆಯನ್ನು ಮಾತ್ರ ಎತ್ತಿಕೊಂಡು, ಮೂಲದ ಮನುಷ್ಯನನ್ನು ಬೊಂಬೆಯಾಗಿಸಿ, ಇಲ್ಲದ ಕಥೆ ಕಟ್ಟುವುದು ಇನ್ನೊಂದು ಬಗೆ. ಮೊದಲನೆಯದು ಋಣವನ್ನು ಬಡ್ಡಿಸಹಿತ ತೀರಿಸುತ್ತದೆ. ಎರಡನೆಯದು ಏರಿದ ಏಣಿಯನ್ನು ಒದೆಯುತ್ತದೆ.

ನಮ್ಮ ಮುಂಬಯಿ ನಗರಕ್ಕೂ ಈ ಇತಿಹಾಸಕ್ಕೂ ನೇರವಾದ ನಂಟಿದೆ. ಹದಿನೆಂಟು ಹತ್ತೊಂಬತ್ತನೆಯ ಶತಮಾನಗಳಲ್ಲಿ ಇಲ್ಲಿನ ಪಾರಸಿ ವರ್ತಕರು ಕಾಂಟನ್ನಿಗೆ ಹತ್ತಿಯನ್ನೂ ಅಫೀಮನ್ನೂ ಕೊಂಡೊಯ್ದು ಚಹ, ರೇಶಿಮೆ, ಪಿಂಗಾಣಿಗಳನ್ನು ತರುತ್ತಿದ್ದರು. ಪಾರಸಿ ಸ್ತ್ರೀಯರು ಮದುವೆ ಹಬ್ಬಗಳಲ್ಲಿ ಉಡುವ ‘ಗಾರಾ’ ಸೀರೆಯ ಕಸೂತಿ ಈ ವ್ಯಾಪಾರದ ಕೂಸು. ಸೀರೆಯನ್ನು ಉಡದ ನಾಡಿನ ಕಸೂತಿಗಾರನು ಸೀರೆಯ ಅಂಚಿಗೂ ಸೆರಗಿಗೂ ಒಪ್ಪುವಂತೆ ಕೊಕ್ಕರೆ, ಕಮಲ, ಪಗೋಡಗಳನ್ನು ರೇಶಿಮೆಯಲ್ಲಿ ಅರಳಿಸಿಕೊಟ್ಟನು. ಚೀನಾದ ವ್ಯಾಪಾರದಿಂದ ಸಂಪನ್ನರಾದ ಸರ್ ಜಮ್‌ಶೇಟ್‌ಜಿ ಜೀಜೀಭಾಯಿಯವರ ದಾನದಿಂದ ೧೮೫೭ರಲ್ಲಿ ಈ ನಗರದ ಪ್ರಸಿದ್ಧ ಕಲಾಶಾಲೆ ಆರಂಭವಾಯಿತು. ಇಲ್ಲಿ ಒಂದು ಕಹಿಯಾದ ಸತ್ಯವನ್ನೂ ಮರೆಮಾಚಲಾಗದು. ಚೀನಾದ ಸೊಗಸಾದ ವಸ್ತುಗಳಿಗೆ ಪ್ರತಿಯಾಗಿ ಆ ನಾಡಿಗೆ ಹೋದ ಸರಕಿನಲ್ಲಿ ಅಫೀಮು ಸೇರಿತ್ತು. ಮಾಳವದ ಅಫೀಮು ಮುಂಬಯಿಯ ಬಂದರಿನಿಂದಲೇ ಹಡಗೇರಿತು. ಅದನ್ನು ತಡೆಯಹೊರಟ ಚೀನಾದ ಮೇಲೆ ಬ್ರಿಟಿಷರು ೧೮೩೯ರಿಂದ ೧೮೪೨ರವರೆಗೆ ಯುದ್ಧ ಹೂಡಿ ಗೆದ್ದರು. ಕಲೆಯನ್ನು ಕೊಟ್ಟವನಿಗೆ ವಿಷವನ್ನು ಕೊಟ್ಟ ಈ ಲೆಕ್ಕದಲ್ಲಿ ನಮ್ಮ ನಾಡಿನವರ ಕೈಯೂ ಇತ್ತು. ಪಶ್ಚಿಮದವರ ಮರೆವನ್ನು ಎತ್ತಿ ಆಡುವಾಗ ನಾವು ಇದನ್ನೂ ನೆನೆಯುವುದು ನ್ಯಾಯ.

ವಿದ್ಯಾರ್ಥಿಮಿತ್ರರೇ, ಇಷ್ಟನ್ನೂ ನಿಮ್ಮ ಮುಂದೆ ಇಡಲು ಕಾರಣವುಂಟು. ಪರಭಾಷೆಯ ನಗರದಲ್ಲಿ ಕನ್ನಡದಲ್ಲಿ ಓದುವ ನಿಮಗೆ ಕೊಡುಕೊಳ್ಳುವುದು ಪುಸ್ತಕದ ಪಾಠವಲ್ಲ, ದಿನದಿನದ ಬಾಳು. ಬೀದಿಯಲ್ಲಿ ಮರಾಠಿ, ರೈಲಿನಲ್ಲಿ ಹಿಂದಿ, ಕಚೇರಿಯಲ್ಲಿ ಇಂಗ್ಲಿಷು ನಿಮ್ಮ ಕಿವಿಗೆ ಬೀಳುತ್ತವೆ. ಅವುಗಳ ಮಾತು, ತಿಂಡಿ, ಹಾಡು, ಉಡುಪು ನಿಮ್ಮ ಮನೆಯೊಳಕ್ಕೆ ಬರುತ್ತವೆ. ಬರಲಿ. ಬಾಗಿಲು ಮುಚ್ಚಿಕೊಂಡರೆ ಮಾತ್ರ ಕನ್ನಡ ಉಳಿದೀತೆಂಬ ಭಯ ಬೇಡ. ಪರ್ಷಿಯಾದ ನೀಲಿಯನ್ನು ಬರಮಾಡಿಕೊಂಡ ಚೀನಾ ಚೀನಾವಾಗಿಯೇ ಉಳಿಯಿತಲ್ಲವೆ? ಆದರೆ ಪರರ ಮೆಚ್ಚುಗೆಯನ್ನೇ ನೆಚ್ಚಿ ನಿಮ್ಮ ಕೈಬರಹವನ್ನು ಮರೆತರೆ, ಕೊನೆಗಾಲದ ಕಾಂಟನ್ನಿನ ಪಾತ್ರೆಗಳಂತೆ ಬಣ್ಣ ಹೆಚ್ಚಿ ಬೆಲೆ ಕುಸಿದೀತು. ಕೊಳ್ಳುವಾಗ ಬಟ್‌ಗರನಂತೆ ದುಡಿದು ಕಲಿಯಿರಿ. ಕೊಡುವಾಗ ಕಾಂಟನ್ನಿನ ಒಳ್ಳೆಯ ಚಿತ್ರಗಾರನಂತೆ ನಿಮ್ಮ ಕುಂಚದಿಂದಲೇ ಕೊಡಿರಿ. ನೆರೆಯ ಭಾಷೆಯಿಂದ ಒಂದು ಒಳ್ಳೆಯ ಮಾತನ್ನು ಪಡೆದರೆ, ಅದು ಯಾರದೆಂದು ಹೇಳುವ ಧೈರ್ಯವಿರಲಿ. ನೆರೆಯವನನ್ನು ಬೊಂಬೆಯಾಗಿಸಿ ನಗುವ ಚಪಲ ಮಾತ್ರ ಬೇಡ.

ಈ ನಗರದ ಛತ್ರಪತಿ ಶಿವಾಜಿ ಮಹಾರಾಜ್ ವಸ್ತುಸಂಗ್ರಹಾಲಯದಲ್ಲಿ ಟಾಟಾ ಮನೆತನದವರು ದಾನವಿತ್ತ ಚೀನೀ ವಸ್ತುಗಳಿವೆ. ಹೈದರಾಬಾದಿನ ಬಂಧುಗಳಿಗೆ ಸಾಲಾರ್ ಜಂಗ್ ಸಂಗ್ರಹಾಲಯವಿದೆ. ರಜೆಯ ಒಂದು ದಿನ ಅಲ್ಲಿಗೆ ಹೋಗಿ ಒಂದೇ ಒಂದು ತಟ್ಟೆಯ ಮುಂದೆ ಸ್ವಲ್ಪ ಹೊತ್ತು ನಿಲ್ಲಿರಿ. ಜೇಡಿ ಯಾವ ಗುಡ್ಡದ್ದು, ನೀಲಿ ಯಾವ ನಾಡಿನದು, ಆಕಾರ ಯಾರ ಊಟಕ್ಕೆ ತಕ್ಕದ್ದು, ಬಳ್ಳಿಯನ್ನು ಎಳೆದ ಕೈ ಯಾರದು ಎಂದು ಕೇಳಿಕೊಳ್ಳಿರಿ. ಎಲ್ಲ ಪ್ರಶ್ನೆಗಳಿಗೂ ಗಾಜಿನ ಪೆಟ್ಟಿಗೆಯ ಮೇಲಿನ ಚೀಟಿಯಲ್ಲಿ ಉತ್ತರವಿರಲಾರದು. ಆದರೆ ಕೇಳುವುದನ್ನು ಕಲಿತವನು ಯಾರ ಋಣವನ್ನೂ ಸುಲಭವಾಗಿ ಮರೆಯಲಾರನು.